ಯಾರ ಒಂಬತ್ತು ಗಂಟೆ?

ಮಕ್ಕಳೇ, ಹೋದ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಬಿಡಿಸಿಕೊಂಡು ಕೂತಿದ್ದೆ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವವರ ಹುಡುಗ, ಏಳನೇ ಕ್ಲಾಸಿನವನು, ಕೈಯಲ್ಲಿ ಅಟ್ಲಾಸು, ಸ್ಕೇಲು, ಪೆನ್ಸಿಲು ಹಿಡಿದುಕೊಂಡು ದಡದಡನೆ ಮೆಟ್ಟಿಲಿಳಿದು ಬಂದ.

"ತಾತ, ನಿಮ್ಮ ಬ್ಯಾಂಕಲ್ಲಿ ದೂರದ ಲೆಕ್ಕ ಮಾಡ್ತಿದ್ರಾ?"

"ಇಲ್ಲಪ್ಪ, ಬರೀ ದುಡ್ಡಿನ ಲೆಕ್ಕ. ಏನಾಗಬೇಕಿತ್ತು?"

ಸ್ಕೂಲಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರಂತೆ. ಬೆಂಗಳೂರಿನಿಂದ ದೂರದ ಒಂದು ಊರಿಗೆ ವಿಮಾನದಲ್ಲಿ ಎಷ್ಟು ಕಿಲೋಮೀಟರು, ಎಷ್ಟು ಹೊತ್ತು ಎಂದು ಬರೆಯಬೇಕು. ಇವನ ಅತ್ತೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಇರುವುದರಿಂದ ಆ ಊರನ್ನೇ ಆರಿಸಿಕೊಂಡಿದ್ದ. ಅಟ್ಲಾಸು ತೆರೆದು ಗೆರೆಯನ್ನೂ ಎಳೆದಿದ್ದ. ಬೆಂಗಳೂರಿನಿಂದ ಹೊರಟ ಗೆರೆ ಅರಬ್ಬೀ ಸಮುದ್ರ ದಾಟಿ, ಆಫ್ರಿಕಾ ದಾಟಿ, ಅಟ್ಲಾಂಟಿಕ್ ದಾಟಿ, ಅಮೆರಿಕದ ಈ ತುದಿಯಿಂದ ಆ ತುದಿಗೆ ಹೋಗಿ ನಿಂತಿತ್ತು.

"ದೂರ ಆಯ್ತು ತಾತ. ಹೊತ್ತು ಎಷ್ಟು ಅಂತ ಗೊತ್ತಾಗ್ತಿಲ್ಲ. ಒಬ್ಬೊಬ್ರು ಒಂದೊಂದು ಹೇಳ್ತಾರೆ."

ಅದು ನಿಜ. ನಮ್ಮ ಮಹಾಲಕ್ಷ್ಮಿ ಲೇಔಟಿನ ಪಾರ್ಕಿನ ಬೆಂಚಿನ ಮೇಲೆ ಸಂಜೆ ಕೂರುವ ನಮ್ಮಂಥ ಮುದುಕರಲ್ಲಿ ಅರ್ಧಕ್ಕರ್ಧ ಜನರ ಮಕ್ಕಳು ಹೊರದೇಶದಲ್ಲಿದ್ದಾರೆ. "ನಿಮ್ಮ ಮಗಳ ಊರು ಎಷ್ಟು ಗಂಟೆ ದಾರಿ ಸ್ವಾಮಿ?" ಎಂದು ಕೇಳಿ ನೋಡಿ. ಒಬ್ಬರು ಹದಿನಾರು ಗಂಟೆ ಅನ್ನುತ್ತಾರೆ. ಇನ್ನೊಬ್ಬರು ಹದಿನೆಂಟು. ಮತ್ತೊಬ್ಬರು ಇಪ್ಪತ್ತೈದು. ಮೂಲೆಯಲ್ಲಿ ಕೂತವರು "ಶುಕ್ರವಾರ ಹೊರಟ್ರೆ ಭಾನುವಾರ ಬರ್ತಾಳೆ, ಮೂವತ್ತು ಗಂಟೆ ಮೇಲೇ ಆಗುತ್ತೆ" ಅನ್ನುತ್ತಾರೆ. ಎಲ್ಲರದೂ ಅದೇ ಊರು. ಯಾರೂ ಸುಳ್ಳು ಹೇಳುತ್ತಿಲ್ಲ. ಇದು ಹೇಗೆ?

ಈ ವಾರ ಅದೇ ಲೆಕ್ಕ. ಸುಲಭದ್ದೇ, ಆದರೆ ಇದರಲ್ಲಿ ನಾನೇ ಒಮ್ಮೆ ದೊಡ್ಡದಾಗಿ ತಪ್ಪಿದ್ದೇನೆ. ಅದನ್ನೂ ಹೇಳುತ್ತೇನೆ. ಮೊದಲು ದೂರ ನೋಡೋಣ.

ಹುಡುಗನನ್ನು ಒಳಗೆ ಕರೆದು, ಮೊಮ್ಮಗಳು ಬಿಟ್ಟುಹೋದ ಹಳೆಯ ಗ್ಲೋಬನ್ನು ಬೀರುವಿನ ಮೇಲಿಂದ ಇಳಿಸಿ ಧೂಳು ಒರೆಸಿದೆ. ಅವನ ಅಜ್ಜಿಯ ಹೂವಿನ ಬುಟ್ಟಿಯಿಂದ ಒಂದು ಮೊಳ ದಾರ ತರಿಸಿದೆ. "ದಾರದ ಒಂದು ತುದಿ ಬೆಂಗಳೂರಿನ ಮೇಲೆ ಇಡು, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ. ಈಗ ಬಿಗಿಯಾಗಿ ಎಳಿ" ಅಂದೆ. ದಾರ ಬಿಗಿಯಾದ ಹಾಗೆ ಮೆಲ್ಲಗೆ ಜಾರಿ ಮೇಲಕ್ಕೆ ಹೋಯಿತು. ಅರಬ್ಬೀ ಸಮುದ್ರವೂ ಇಲ್ಲ, ಆಫ್ರಿಕಾವೂ ಇಲ್ಲ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ಮೇಲೆ ಹಾದು, ಉತ್ತರದ ಹಿಮಸಾಗರದ ಅಂಚು ಮುಟ್ಟಿ, ಅಲಾಸ್ಕಾ ದಾಟಿ ಕೆಳಗೆ ಇಳಿಯಿತು.

"ತಾತ, ಅಮೆರಿಕ ಪಶ್ಚಿಮಕ್ಕಲ್ವಾ ಇರೋದು?"

ಚಪ್ಪಟೆ ಕಾಗದದ ಮೇಲೆ ಪಶ್ಚಿಮಕ್ಕೇ ಇದೆ. ಭೂಮಿ ಚೆಂಡಿನ ಹಾಗಿರುವುದರಿಂದ ಅಲ್ಲಿಗೆ ಹತ್ತಿರದ ದಾರಿ ಹೆಚ್ಚು ಕಡಿಮೆ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿದ ಹಾಗೆ. ನಮ್ಮ ಮನೆಯ ತಾರಸಿಯ ಮೇಲೆ ನಿಂತು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಕೈ ತೋರಿಸು ಅಂದರೆ ಯಶವಂತಪುರದ ಕಡೆ ತೋರಿಸಬೇಕು! ಹುಡುಗ ನಕ್ಕುಬಿಟ್ಟ. ನೀವೂ ನಿಮ್ಮ ಮನೆಯ ತಾರಸಿ ಹತ್ತಿ ದಿಕ್ಕು ನೋಡಿ.

ಇನ್ನು ಅಳತೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಮೂವತ್ತು ಸೆಂಟಿಮೀಟರ್ ವ್ಯಾಸದ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ. ಭಾಗಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ನಮ್ಮ ದಾರ 33 ಸೆಂ.ಮೀ. ಬಂತು. ಗುಣಿಸಿ ನೋಡಿ: 14,025. ಸರಿಯಾದ ಲೆಕ್ಕ 14,000ಕ್ಕೆ ಒಂದಿಷ್ಟೇ ಕಡಿಮೆ. ಹೂವಿನ ದಾರಕ್ಕೆ ಇಷ್ಟು ನಿಖರತೆ ಸಾಲದೇ? ಅವನು ಅಟ್ಲಾಸಿನಲ್ಲಿ ಎಳೆದ ಗೆರೆಯ ದಾರಿಯಲ್ಲೇ ಹೋದರೆ ಇಪ್ಪತ್ತು ಸಾವಿರದ ಆಸುಪಾಸು ಆಗುತ್ತಿತ್ತು.

ವಿಮಾನ ಈ ದಾರದ ಮೇಲೆಯೇ ಹೋಗುತ್ತದೆಯೇ? ಇಲ್ಲ. ಟಿಬೆಟ್ಟಿನ ಎತ್ತರದ ನೆಲದ ಮೇಲೆ ಹಾರುವುದನ್ನು ವಿಮಾನದವರು ಆದಷ್ಟು ತಪ್ಪಿಸುತ್ತಾರೆ. ಆಕಸ್ಮಾತ್ ವಿಮಾನದೊಳಗಿನ ಗಾಳಿಯ ಒತ್ತಡ ಇಳಿದುಹೋದರೆ, ಜನ ಸರಾಗವಾಗಿ ಉಸಿರಾಡುವ ಹಾಗೆ ಸುಮಾರು ಮೂರು ಸಾವಿರ ಮೀಟರ್ ಎತ್ತರಕ್ಕೆ ಬೇಗ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ, ಇಳಿಯುವುದೆಲ್ಲಿಗೆ? ಜೊತೆಗೆ ಹವೆ, ಗಾಳಿ, ಯಾವ ದೇಶದ ಆಕಾಶ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನೆಲ್ಲ ನೋಡಿ ದಿನದಿನಕ್ಕೆ ದಾರಿ ಗೊತ್ತುಮಾಡುತ್ತಾರೆ.

ಉತ್ತರ ಧ್ರುವದ ಮೇಲೆಯೇ ಹೋದರೆ ಎಷ್ಟಾಗುತ್ತದೆ? ಇದಕ್ಕೆ ದಾರವೂ ಬೇಡ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಧ್ರುವ 90ರಲ್ಲಿ. ಕಳೆದರೆ 77. ಸ್ಯಾನ್ ಫ್ರಾನ್ಸಿಸ್ಕೊ 38 ಡಿಗ್ರಿ, ಕಳೆದರೆ 52. ಕೂಡಿದರೆ 129. ಅದನ್ನು 111ರಿಂದ ಗುಣಿಸಿದರೆ 14,319 ಕಿ.ಮೀ. ಹತ್ತಿರದ ದಾರಿಗಿಂತ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೆಚ್ಚು, ಅಷ್ಟೇ. ಏಕೆಂದರೆ ಆ ಊರು ಭೂಮಿಯ ಮೇಲೆ ಹೆಚ್ಚು ಕಡಿಮೆ ನಮ್ಮ ಬೆನ್ನ ಹಿಂದಿದೆ.

ಧ್ರುವದ ದಾರಿಯ ಈ ಪ್ರಯಾಣ ಬರೀ ಕಾಗದದ ಲೆಕ್ಕವಲ್ಲ. 2021ರ ಜನವರಿ 9, ಶನಿವಾರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ದಾರಿ ಹಿಡಿದು, ಎಲ್ಲೂ ನಿಲ್ಲದೆ ನಮ್ಮ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂತು. ಆ ಎರಡು ಊರುಗಳ ನಡುವೆ ನೇರ ವಿಮಾನ ಹಾರಿದ್ದು ಅದೇ ಮೊದಲು. ಹಾರಿಸಿದವರು ನಾಲ್ವರೂ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆ ತನ್ಮಯಿ, ಆಕಾಂಕ್ಷಾ, ಶಿವಾನಿ. ಮಾರನೆಯ ದಿನದ ಪೇಪರಿನಲ್ಲಿ ಅವರ ಫೋಟೋ ಬಂದಿತ್ತು. ಅದನ್ನು ಕತ್ತರಿಸಿ ನನ್ನ ಡೈರಿಯಲ್ಲಿ ಅಂಟಿಸಿಟ್ಟಿದ್ದೇನೆ. ಹುಡುಗನಿಗೆ ತೋರಿಸಿದೆ.

ಅವನು ಓದಿ ಹುಬ್ಬು ಗಂಟಿಕ್ಕಿದ. "ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ಬಂತು. ಅಂದ್ರೆ ಭಾನುವಾರ ಇಡೀ ಗಾಳಿಯಲ್ಲೇ ಇತ್ತಾ? ಮೂವತ್ತು ಗಂಟೆ ಮೇಲಾಯ್ತು. ಆದ್ರೆ ಇಲ್ಲಿ ಹದಿನೇಳು ಗಂಟೆ ಅಂತ ಬರೆದಿದೆ."

ನೋಡಿ, ನಿಜವಾದ ಪ್ರಶ್ನೆ ಈಗ ಬಂತು.

ಮೊದಲು ಆ ಹದಿನೇಳನ್ನು ತಿಳಿಯೋಣ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಮೇಲೆ ಗಾಳಿಯ ಆಟವಿದೆ. ವಿಮಾನ ಹಾರುವ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆ ಹರಿದ ಹಾಗೆ ಜೋರು ಗಾಳಿ ಬೀಸುತ್ತದೆ, ಎಷ್ಟೋ ಸಲ ಗಂಟೆಗೆ 150 ಕಿ.ಮೀ. ಮೀರಿ. ಪೆಸಿಫಿಕ್ ಸಾಗರದ ಮೇಲೆ ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಬೆನ್ನು ತಟ್ಟಿ ನೂಕುತ್ತದೆ. ಎದುರು ಬರುವ ವಿಮಾನವನ್ನು ತಡೆಯುತ್ತದೆ. ಆದ್ದರಿಂದ ಇಲ್ಲಿಂದ ಹೋಗುವಾಗ ಹದಿನಾರು ಗಂಟೆಯಾದರೆ, ಅಲ್ಲಿಂದ ಬರುವಾಗ ಹದಿನೇಳು ಹದಿನೆಂಟು ಆಗುತ್ತದೆ. ಬೆಂಚಿನ ಮೇಲಿನ ಮೊದಲ ಇಬ್ಬರ ಜಗಳ ಇಲ್ಲಿಗೆ ಮುಗಿಯಿತು. ಒಬ್ಬರು ಹೋಗುವ ಲೆಕ್ಕ ಹೇಳಿದರು, ಇನ್ನೊಬ್ಬರು ಬರುವ ಲೆಕ್ಕ.

ಹದಿನೆಂಟು ಗಂಟೆ ಕೂತಿರುವುದೇ ಎಂದು ನಮ್ಮ ವಯಸ್ಸಿನವರು ಮಂಡಿ ಸವರಿಕೊಳ್ಳುತ್ತೇವೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಮೇ 31ರಂದು ಮುಂಬೈಯಲ್ಲಿ ಹಡಗು ಹತ್ತಿದರು. ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನ್ ದಾಟಿ, ಪೆಸಿಫಿಕ್ ದಾಟಿ ಕೆನಡಾದ ವ್ಯಾಂಕೂವರ್ ಮುಟ್ಟಿದ್ದು ಜುಲೈ 25ಕ್ಕೆ. ಐವತ್ತೈದು ದಿನ! ಅಲ್ಲಿಂದ ಷಿಕಾಗೋಗೆ ಇನ್ನೂ ರೈಲಿನ ದಾರಿ. ಹಾಗೆ ನೋಡಿದರೆ ನಮ್ಮದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭ.

ಈಗ ಮೂವತ್ತು ಗಂಟೆಯ ಒಗಟು.

ಭೂಮಿ ಒಂದು ಸುತ್ತು ತಿರುಗಲು 24 ಗಂಟೆ. ಒಂದು ಸುತ್ತಿಗೆ 360 ಡಿಗ್ರಿ. ಭಾಗಿಸಿದರೆ ಗಂಟೆಗೆ 15 ಡಿಗ್ರಿ. ನಮ್ಮ ದೇಶದ ಗಡಿಯಾರಗಳೆಲ್ಲ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ. 82.5ನ್ನು 15ರಿಂದ ಭಾಗಿಸಿ: ಐದೂವರೆ. ಅದಕ್ಕೇ ನಾವು ಲಂಡನ್ ಬಳಿಯ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಡೆಯುವುದು 120 ಡಿಗ್ರಿ ಪಶ್ಚಿಮದ ಹೊತ್ತಿಗೆ. 15ರಿಂದ ಭಾಗಿಸಿದರೆ ಎಂಟು. ಅವರು ಗ್ರೀನಿಚ್ಚಿಗಿಂತ ಎಂಟು ಗಂಟೆ ಹಿಂದೆ. ನಾವು ಐದೂವರೆ ಮುಂದೆ, ಅವರು ಎಂಟು ಹಿಂದೆ. ಒಟ್ಟು ಅಂತರ ಹದಿಮೂರೂವರೆ ಗಂಟೆ.

ಆ ಅಂತರವೂ ವರ್ಷವಿಡೀ ಒಂದೇ ಇರುವುದಿಲ್ಲ. ಅಲ್ಲಿ ಬೇಸಿಗೆಯ ಬಿಸಿಲು ವ್ಯರ್ಥವಾಗಬಾರದೆಂದು ಮಾರ್ಚಿ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಆ ತಿಂಗಳುಗಳಲ್ಲಿ ಅಂತರ ಹನ್ನೆರಡೂವರೆ. ಮೊಮ್ಮಕ್ಕಳು ಫೋನ್ ಮಾಡುವ ಹೊತ್ತು ಇದ್ದಕ್ಕಿದ್ದ ಹಾಗೆ ಒಂದು ಗಂಟೆ ಆಚೀಚೆ ಆದರೆ ಅಜ್ಜಿಯರು ಗಾಬರಿಯಾಗಬೇಕಿಲ್ಲ.

ಈಗ 2021ರ ಆ ವಿಮಾನಕ್ಕೆ ಬನ್ನಿ. ಅಲ್ಲಿ ಶನಿವಾರ ರಾತ್ರಿ ಎಂಟೂವರೆಯ ಸುಮಾರಿಗೆ ಹೊರಟಾಗ ನಮ್ಮಲ್ಲಿ ಹೊತ್ತೆಷ್ಟು? ಹದಿಮೂರೂವರೆ ಕೂಡಿಸಿ. ಭಾನುವಾರ ಬೆಳಿಗ್ಗೆ ಹತ್ತು. ನಾವು ತಿಂಡಿ ತಿಂದು ಮುಗಿಸಿದ ಹೊತ್ತು. ಅಲ್ಲಿಂದ ಹದಿನೇಳು ಗಂಟೆ ಎಣಿಸಿದರೆ ಸೋಮವಾರ ಬೆಳಗಿನ ಜಾವ ಮೂರು. ಪೇಪರಿನವರೂ ಸರಿ, ಗಡಿಯಾರವೂ ಸರಿ. ಹುಡುಗ ಸೇರಿಸಿಬಿಟ್ಟಿದ್ದ ಆ ಹದಿಮೂರೂವರೆ ಗಂಟೆ ಯಾರೂ ಹಾರಿದ್ದಲ್ಲ, ಎರಡು ಗಡಿಯಾರಗಳ ನಡುವಿನ ವ್ಯತ್ಯಾಸ.

"ಇಷ್ಟೆಲ್ಲ ಯಾಕೆ ತಾತ, ಮೊಬೈಲಲ್ಲಿ ಒತ್ತಿದ್ರೆ ಬರುತ್ತಲ್ಲ" ಅಂದ ಹುಡುಗ.

ಬರುತ್ತದೆ. ಆದರೆ ಮನುಷ್ಯನಿಗೆ ಒತ್ತಬೇಕೆಂದೇ ಹೊಳೆಯದ ಹೊತ್ತೂ ಬರುತ್ತದೆ. ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ನನ್ನ ಅಣ್ಣ ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲೇ ಇದ್ದ. ನಾನು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ ಬೆಂಗಳೂರಿಗೆ ಬಂದೆ, ಅವನು ತೆಂಗು ಅಡಿಕೆ ನೋಡಿಕೊಂಡು ಊರಲ್ಲೇ ಉಳಿದ. ನನ್ನ ಕಾಲೇಜಿನ ಫೀಸು ಕಟ್ಟಿದವನು ಅವನೇ. ಅವನ ಒಬ್ಬನೇ ಮಗ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಊರಲ್ಲಿ ಕೆಲಸದಲ್ಲಿದ್ದಾನೆ. 2023ರ ಜನವರಿಯ ಒಂದು ಶುಕ್ರವಾರ ರಾತ್ರಿ ಎಂಟು ಗಂಟೆಗೆ ಅಣ್ಣ ತೀರಿಕೊಂಡ. ಊಟಕ್ಕೆ ಕೂರಲು ಕೈ ತೊಳೆಯಲು ಹೋದವನು ಹಾಗೇ ಕುಸಿದನಂತೆ. ನಾವು ಗಂಡಹೆಂಡತಿ ಆ ರಾತ್ರಿಯೇ ಊರಿನ ದಾರಿ ಹಿಡಿದೆವು.

ದಾರಿಯಲ್ಲಿ, ಹತ್ತೂ ಮುಕ್ಕಾಲರ ಹೊತ್ತಿಗೆ, ಅಣ್ಣನ ಮಗನ ಫೋನ್ ಬಂತು. "ಚಿಕ್ಕಪ್ಪ, ಇವತ್ತು ರಾತ್ರಿ ಒಂಬತ್ತಕ್ಕೆ ನೇರ ವಿಮಾನ ಸಿಕ್ಕಿದೆ. ಹದಿನೆಂಟು ಗಂಟೆ ಆಗುತ್ತೆ. ನಾನು ಬರೋವರೆಗೂ ಅಪ್ಪನ್ನ..." ಅಷ್ಟಕ್ಕೆ ಗಂಟಲು ಕಟ್ಟಿತು. ಫೋನ್ ಇಟ್ಟುಬಿಟ್ಟ.

ನಾನು ಜೇಬಿನಲ್ಲಿದ್ದ ಚೀಟಿಯ ಮೇಲೆ ಬರೆದೆ. ಶುಕ್ರವಾರ ರಾತ್ರಿ 9. ಅದಕ್ಕೆ 18 ಕೂಡಿಸಿದೆ. ಶನಿವಾರ ಮಧ್ಯಾಹ್ನ 3. ದೇವನಹಳ್ಳಿಯಿಂದ ಊರಿಗೆ ಮೂರು ಗಂಟೆ ಹಿಡಿಯಿರಿ. ಸಂಜೆ ಆರಕ್ಕೆ ಮನೆ. ಊರಿಗೆ ಹೋದವನೇ ಹಿರಿಯರ ಮುಂದೆ ಹಾಗೇ ಹೇಳಿದೆ. "ಸಂಜೆ ಆರಕ್ಕೆ ಮಗ ಬರ್ತಾನೆ, ಬಂದ ಕೂಡಲೇ ಮಣ್ಣು." ಬ್ಯಾಂಕಿನವನು ಹೇಳಿದ ಲೆಕ್ಕ. ಯಾರು ಎರಡನೇ ಸಲ ಕೂಡುತ್ತಾರೆ?

ಮಕ್ಕಳೇ, ತಪ್ಪು ಎಲ್ಲಿದೆ ಎಂದು ನಿಮಗೆ ಆಗಲೇ ಗೊತ್ತಾಗಿದೆ. ಅವನು ಫೋನ್ ಮಾಡಿದಾಗ ನಮ್ಮಲ್ಲಿ ರಾತ್ರಿ ಹತ್ತೂ ಮುಕ್ಕಾಲು. "ಇವತ್ತು ರಾತ್ರಿ ಒಂಬತ್ತಕ್ಕೆ" ಅಂದ. ನಮ್ಮ ಒಂಬತ್ತು ಆಗಲೇ ಕಳೆದುಹೋಗಿತ್ತು! ಕಳೆದುಹೋದ ಒಂಬತ್ತಕ್ಕೆ ಅವನು ಹೇಗೆ ಹೊರಟಾನು? ಮೂವತ್ತೈದು ವರ್ಷ ಲೆಡ್ಜರು ಬರೆದವನ ಕಣ್ಣಿಗೆ ಅದು ಬೀಳಲಿಲ್ಲ. ಅವನು ಹೇಳಿದ್ದು ಅವನ ಒಂಬತ್ತು, ನಾನು ಬರೆದುಕೊಂಡದ್ದು ನನ್ನ ಒಂಬತ್ತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಊರವರು, ನೆಂಟರು ಎಲ್ಲ ಸೇರಿದ್ದರು. ತೋಟದಲ್ಲಿ ಗುಂಡಿ ತೆಗೆದಾಗಿತ್ತು. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ತುಮಕೂರಿನಿಂದ ತರಿಸಿದ ಐಸ್ ಪೆಟ್ಟಿಗೆಯ ಪಕ್ಕ ಅತ್ತಿಗೆ ಕೂತಿದ್ದರು. ನಾಲ್ಕು ಗಂಟೆಗೆ, ವಿಮಾನ ನಿಲ್ದಾಣಕ್ಕೆ ಕಾರು ತೆಗೆದುಕೊಂಡು ಹೋಗಿದ್ದ ಹುಡುಗ ಫೋನ್ ಮಾಡಿದ: "ಸಾರ್, ಬೋರ್ಡಲ್ಲಿ ಆ ವಿಮಾನವೇ ಇಲ್ಲ." ಅಣ್ಣನ ಮಗನ ಫೋನಿಗೆ ಮಾಡಿದರೆ ಸ್ವಿಚ್ ಆಫ್. ಅಂಗಳದಲ್ಲಿ ಗುಸುಗುಸು ಶುರುವಾಯಿತು. "ವಿಮಾನ ತಪ್ಪಿಸಿಕೊಂಡಿರಬೇಕು." "ಬರ್ತೀನಿ ಅಂತ ಸಮಾಧಾನಕ್ಕೆ ಹೇಳಿರಬೇಕು." ಚಿತ್ರದುರ್ಗದಿಂದ ಬಂದಿದ್ದವರು ಕಡೆಯ ಬಸ್ಸು ತಪ್ಪುತ್ತದೆಂದು ಎದ್ದರು. ಅಣ್ಣನ ಗೆಳೆಯರಾದ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ಹೊತ್ತು ಮುಳುಗೋದರೊಳಗೆ ಮುಗಿಸಿಬಿಡೋಣ ಕಣಪ್ಪ, ಇನ್ನು ಕಾಯೋದು ಸರಿಯಲ್ಲ" ಅಂದರು. ನಾನು ಹೂಂ ಅನ್ನುವುದರಲ್ಲಿದ್ದೆ.

ಆಗ ನನ್ನ ತೋಳು ಹಿಡಿದು ಎಳೆದವಳು ಅಣ್ಣನ ಮಗಳ ಮಗಳು, ಆರನೇ ಕ್ಲಾಸಿನ ಹುಡುಗಿ. "ಚಿಕ್ಕ ತಾತ, ನಿಮ್ಮ ಮೊಬೈಲ್ ಕೊಡಿ." ಬೆಳಗಿನಿಂದ ಅದನ್ನು ನಾನು ನೋಡಿಯೇ ಇರಲಿಲ್ಲ. ಅವಳು ತೆರೆದು ತೋರಿಸಿದಳು. ಅವಳ ಮಾವನಿಂದ ಒಂದೇ ಒಂದು ಮೆಸೇಜು: "ವಿಮಾನ ಹತ್ತಿದೆ ಚಿಕ್ಕಪ್ಪ." ಪಕ್ಕದಲ್ಲಿ ಹೊತ್ತು, ಬೆಳಿಗ್ಗೆ 10.10.

"ಬೆಳಿಗ್ಗೆ ಹತ್ತಕ್ಕೆ ಹತ್ತಿದೋರು ಮೂರು ಗಂಟೆಗೆ ಹೇಗೆ ಇಳೀತಾರೆ ಚಿಕ್ಕ ತಾತ? ಹದಿನೆಂಟು ಗಂಟೆ ಅಲ್ವಾ? ನಾಳೆ ಬೆಳಗಿನ ಜಾವ ನಾಲ್ಕೂವರೆ ಆಗುತ್ತೆ."

ನನ್ನ ಎದೆ ಧಸಕ್ಕೆಂದಿತು. ಚೀಟಿ ತೆಗೆದು ನೋಡಿದೆ. ಹದಿಮೂರೂವರೆ ಗಂಟೆ ನಾನು ನುಂಗಿಹಾಕಿದ್ದೆ. ಎಲ್ಲರ ಮುಂದೆ ನಿಂತು, ತಪ್ಪು ನನ್ನದು, ಅವನು ತಪ್ಪಿಸಿಕೊಂಡಿಲ್ಲ, ಈಗ ಆಕಾಶದಲ್ಲಿದ್ದಾನೆ, ಬರುವುದು ನಾಳೆ ಬೆಳಿಗ್ಗೆ ಅಂದೆ. ಕೆಲವರು ಮುಖ ತಿರುಗಿಸಿದರು. "ಬ್ಯಾಂಕಿನೋರ ಲೆಕ್ಕ!" ಎಂದು ಯಾರೋ ಹಿಂದಿನಿಂದ ಅಂದದ್ದು ಕೇಳಿಸಿತು. ಅನ್ನಿಸಿಕೊಳ್ಳಬೇಕಾದದ್ದೇ. ಈಗ ಕಾಯುವುದೋ ಬೇಡವೋ ಎಂದು ಮತ್ತೆ ಮಾತು ಬೆಳೆಯಿತು. ಅಲ್ಲಿಯವರೆಗೂ ಬಾಯಿ ಬಿಡದಿದ್ದ ಅತ್ತಿಗೆ ತಲೆಯೆತ್ತಿದರು.

"ಅವನು ಹೊರಟಾಗಿದೆಯಲ್ಲಪ್ಪ. ದಾರಿಯಲ್ಲಿರೋ ಮಗನ್ನ ಬಿಟ್ಟು ಬಾಗಿಲು ಹಾಕ್ಕೊಳಕ್ಕಾಗುತ್ತಾ?"

ಅಷ್ಟೇ. ಆ ಮೇಲೆ ಯಾರೂ ಮಾತಾಡಲಿಲ್ಲ. ಪಕ್ಕದ ಮನೆಯವರು ಮಕ್ಕಳಿಗೆಲ್ಲ ಚಿತ್ರಾನ್ನ ಮಾಡಿ ತಂದರು. ರಾತ್ರಿಯೆಲ್ಲ ಜನ ಬೆಂಕಿ ಹಾಕಿಕೊಂಡು ಅಂಗಳದಲ್ಲೇ ಕೂತರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾಲು ಗಂಟೆ ಇರುವಾಗ ಕಾರು ಬಂತು. ಇಳಿದು ಅವನು ನೇರವಾಗಿ ಅಪ್ಪನ ಹತ್ತಿರ ಹೋಗಿ ಕಾಲು ಹಿಡಿದುಕೊಂಡು ಕೂತ. ಹಿಂದಿನ ಸಂಜೆ ಏನು ನಡೆಯುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ತಿಂಗಳು ಕಳೆದ ಮೇಲೆ ನಾನೇ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ನಾನೂ ಭಾನುವಾರ ಬೆಳಿಗ್ಗೆ ಬರ್ತೀನಿ ಅಂತ ಬಾಯಿಬಿಟ್ಟು ಹೇಳಬೇಕಿತ್ತು ಚಿಕ್ಕಪ್ಪ" ಅಂದ.

ಆ ಆರನೇ ಕ್ಲಾಸಿನ ಹುಡುಗಿ ಇಲ್ಲದಿದ್ದರೆ? ಇವತ್ತಿಗೂ ನಾನು ಆ ಪ್ರಶ್ನೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬ್ಯಾಂಕಿನಲ್ಲಿ ನಮಗೆ ಮೊದಲ ವಾರವೇ ಕಲಿಸುತ್ತಿದ್ದ ಪಾಠ ಒಂದಿದೆ. ಡಾಲರಿಗೆ ರೂಪಾಯಿ ಕೂಡಿಸಬಾರದು. ಮೊದಲು ಡಾಲರನ್ನು ರೂಪಾಯಿ ಮಾಡು, ಆಮೇಲೆ ಕೂಡು. ಹತ್ತು ಡಾಲರು ಹತ್ತು ರೂಪಾಯಿ ಸೇರಿಸಿ ಇಪ್ಪತ್ತು ಎಂದು ಬರೆದರೆ ಮ್ಯಾನೇಜರು ಮನೆಗೆ ಕಳಿಸುತ್ತಿದ್ದರು. ಗಂಟೆಯೂ ಹಾಗೆಯೇ. ಅಲ್ಲಿಯ ಒಂಬತ್ತು ಬೇರೆ ನಾಣ್ಯ, ಇಲ್ಲಿಯ ಒಂಬತ್ತು ಬೇರೆ ನಾಣ್ಯ. ಇಷ್ಟು ವರ್ಷ ದುಡ್ಡಿಗೆ ತೋರಿಸಿದ ಎಚ್ಚರಿಕೆಯನ್ನು ಆ ರಾತ್ರಿ ನಾನು ಹೊತ್ತಿಗೆ ತೋರಿಸಲಿಲ್ಲ.

ಆದ್ದರಿಂದ ಈಗ ನನ್ನ ಡೈರಿಯ ಮೊದಲ ಪುಟದಲ್ಲಿ ಮೂರು ಸಾಲು ಬರೆದಿಟ್ಟಿದ್ದೇನೆ. ನೀವೂ ಬರೆದುಕೊಳ್ಳಿ.

ಒಂದು: ಅವರು ಹೊರಡುವ ಹೊತ್ತನ್ನು ಮೊದಲು ನಮ್ಮ ಗಡಿಯಾರಕ್ಕೆ ತಿರುಗಿಸು. ಶುಕ್ರವಾರ ರಾತ್ರಿ 9ಕ್ಕೆ ಹದಿಮೂರೂವರೆ ಕೂಡಿದರೆ ಶನಿವಾರ ಬೆಳಿಗ್ಗೆ 10.30.

ಎರಡು: ಆಮೇಲೆ ಹಾರುವ ಗಂಟೆ ಕೂಡು. 10.30ಕ್ಕೆ ಹದಿನೆಂಟು ಕೂಡಿದರೆ ಭಾನುವಾರ ಬೆಳಗಿನ ಜಾವ 4.30.

ಮೂರು: ಕೊನೆಗೆ ನೆಲದ ಮೇಲಿನ ಹೊತ್ತು ಕೂಡು. ಪಾಸ್‌ಪೋರ್ಟ್ ತೋರಿಸುವ ಸಾಲು, ಸಾಮಾನು ಬರುವವರೆಗೆ ಕಾಯುವುದು, ಆಮೇಲೆ ರಸ್ತೆ. ದೇವನಹಳ್ಳಿಯಿಂದ ನಮ್ಮ ಮಹಾಲಕ್ಷ್ಮಿ ಲೇಔಟಿಗೆ ಸುಮಾರು 35 ಕಿ.ಮೀ. ಆದರೂ ಸಂಜೆಯ ಹೊತ್ತಾದರೆ ಹೆಬ್ಬಾಳದಲ್ಲಿ ಎಷ್ಟು ನಿಲ್ಲಬೇಕಾಗುತ್ತದೋ ಯಾವ ಲೆಕ್ಕಕ್ಕೂ ಸಿಗದು!

ಅಂದು ಅಣ್ಣನ ಮಗ ಅಲ್ಲಿ ತನ್ನ ಮನೆಯ ಬಾಗಿಲು ಎಳೆದುಕೊಂಡದ್ದು ಸಂಜೆ ಐದಕ್ಕೆ, ಎಂದರೆ ನಮ್ಮ ಶನಿವಾರ ಬೆಳಿಗ್ಗೆ ಆರೂವರೆಗೆ. ಹಳ್ಳಿಯ ಮನೆ ಮುಟ್ಟಿದ್ದು ಭಾನುವಾರ ಏಳೂ ಮುಕ್ಕಾಲಿಗೆ. ಬಾಗಿಲಿನಿಂದ ಬಾಗಿಲಿಗೆ ಇಪ್ಪತ್ತೈದೂ ಕಾಲು ಗಂಟೆ. ಬೆಂಚಿನ ಮೇಲೆ ಇಪ್ಪತ್ತೈದು ಅಂದವರು ಈ ಲೆಕ್ಕ ಹೇಳಿದ್ದು. ಮೂಲೆಯವರ ಮೂವತ್ತು ಚಿಲ್ಲರೆ ಮಾತ್ರ ಎರಡು ನಾಣ್ಯ ಕೂಡಿಸಿದ ಲೆಕ್ಕ, ಹದಿನೆಂಟರ ಮೇಲೆ ಹದಿಮೂರೂವರೆ.

ಹುಡುಗ ಎಲ್ಲವನ್ನೂ ಪ್ರಾಜೆಕ್ಟಿನ ಹಾಳೆಯಲ್ಲಿ ಬರೆದುಕೊಂಡ. ಅಟ್ಲಾಸಿನ ಗೆರೆಯನ್ನು ರಬ್ಬರಿನಿಂದ ಅಳಿಸಿದ. ಮೆಟ್ಟಿಲು ಹತ್ತುವ ಮೊದಲು ತಿರುಗಿ ನಿಂತು, "ತಾತ, ನಮ್ಮಜ್ಜಿಗೂ ಹೇಳ್ಕೊಡ್ಲಾ? ಅತ್ತೆ ಮುಂದಿನ ತಿಂಗಳು ಬರ್ತಿದ್ದಾರೆ" ಅಂದ. ಮೊದಲು ಅಜ್ಜಿಗೇ ಹೇಳಿಕೊಡು ಅಂದೆ.

ನನ್ನ ವಯಸ್ಸಿನವರಲ್ಲಿ ಒಂದು ಮಾತು. ದೂರದಲ್ಲಿರುವ ಮಕ್ಕಳು ಫೋನ್ ಮಾಡಿ ಹೊರಡುತ್ತೇನೆ ಅಂದಾಗ, "ನಮ್ಮ ಗಡಿಯಾರದಲ್ಲಿ ಯಾವ ವಾರ, ಎಷ್ಟು ಗಂಟೆಗೆ ಇಳಿಯುತ್ತೀಯಪ್ಪ?" ಎಂದು ಕೇಳಿ, ಬರೆದುಕೊಂಡು, ಓದಿ ಹೇಳಿ. ಆಮೇಲೆ ಆ ಚೀಟಿಯನ್ನು ಮನೆಯಲ್ಲಿರುವ ಮಗುವಿನ ಕೈಗೆ ಕೊಟ್ಟು ಒಂದು ಸಲ ಕೂಡಿಸಿ ನೋಡು ಅನ್ನಿ. ಬ್ಯಾಂಕಿನಲ್ಲಿಯೂ ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ರುಜು ಹಾಕದೆ ದಿನ ಮುಗಿಯುತ್ತಿರಲಿಲ್ಲ.

ಈ ವಾರದ ಲೆಕ್ಕ: ಜನವರಿಯ ಒಂದು ಬುಧವಾರ ಮಧ್ಯಾಹ್ನ 2.20ಕ್ಕೆ ಬೆಂಗಳೂರಿನಿಂದ ಒಂದು ವಿಮಾನ ಹೊರಟಿತು ಎಂದುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದು ಇಳಿದಾಗ ಅಲ್ಲಿಯ ಗಡಿಯಾರದಲ್ಲಿ ಅದೇ ಬುಧವಾರ ಸಂಜೆ 5 ಗಂಟೆ. ಹದಿನಾಲ್ಕು ಸಾವಿರ ಕಿಲೋಮೀಟರನ್ನು ಎರಡು ಗಂಟೆ ನಲವತ್ತು ನಿಮಿಷದಲ್ಲಿ ಹಾರಿತೇ? ನಿಜವಾಗಿ ಎಷ್ಟು ಹೊತ್ತು ಹಾರಿತು? ಅದು ಇಳಿದಾಗ ನಮ್ಮಲ್ಲಿ ಯಾವ ವಾರ, ಎಷ್ಟು ಗಂಟೆ? ಕಾಗದದ ಮೇಲೆ ಮಾಡಿ, ಅಜ್ಜಿ ತಾತನ ರುಜು ಹಾಕಿಸಿಡಿ. ಉತ್ತರ ಮುಂದಿನ ವಾರ.